ಮೊಣಕಾಲು ಮೀರಿದ ಕಡಲು

ಅಲೆಯನ್ನು ದಡಕ್ಕೆ ಕಳಿಸುವವನಿಗೆ ನಮಸ್ಕಾರ. ಅಲೆಯನ್ನು ಹಿಂದಕ್ಕೆ ಕರೆಯುವವನಿಗೆ ನಮಸ್ಕಾರ. ಇಬ್ಬರೂ ಒಬ್ಬನೇ ಎಂದು ಬಲ್ಲೆ, ಆದರೂ ಎರಡು ಸಲ ಬಾಗುತ್ತೇನೆ. ಕೊಟ್ಟಾಗ ಒಂದು, ಕರೆದುಕೊಂಡಾಗ ಒಂದು. ಕಣ್ಣಿಗೆ ಕಾಣದ ಜೀವಕ್ಕೂ ಹಸಿವು ಇಟ್ಟು, ಆ ಹಸಿವಿಗೆ ತುತ್ತನ್ನೂ ಇಟ್ಟ ಸ್ವಾಮಿಯೇ, ಈ ಕಥೆ ಮುಗಿಯುವವರೆಗೆ ನನ್ನ ನಾಲಿಗೆಯ ಮೇಲಿರು. ಕೇಳಲು ಕೂತ ತಾಯಂದಿರೇ, ಅಪ್ಪಂದಿರೇ, ಒಂದು ಗಳಿಗೆ ಕಣ್ಣು ಮುಚ್ಚಿ. ತೆರೆದಾಗ ಆ ಊರು ನಿಮ್ಮ ಎದುರಿಗಿರುತ್ತದೆ.

ಆ ಊರಿನ ಕಡಲು ಒಂದು ಬೆಳಗ್ಗೆ ಎದ್ದು ಹೋಗಿತ್ತು.

ಗಾಳಿ ಬೀಸಲಿಲ್ಲ, ಗುಡುಗಲಿಲ್ಲ. ತಡವಾಯಿತೆಂದು ನೆನಪಾದ ನೆಂಟರ ಹಾಗೆ ಮೆಲ್ಲಗೆ ಹಿಂದಕ್ಕೆ ಸರಿಯಿತು, ಇನ್ನಷ್ಟು ಸರಿಯಿತು, ಸರಿಯುತ್ತಲೇ ಹೋಯಿತು. ತಳದ ಮರಳು ಮೊದಲ ಸಲ ಬಿಸಿಲು ಕಂಡಿತು. ಶಂಖಗಳು ಕಂಡವು, ಹವಳದ ದಿಬ್ಬಗಳು ಕಂಡವು, ಯಾವ ಕಾಲದಲ್ಲೋ ಕಳೆದುಹೋದ ಲಂಗರುಗಳು ಕಂಡವು. ಜನ ಬುಟ್ಟಿ ಹಿಡಿದು ನಗುತ್ತ ಇಳಿದರು. ಬಗ್ಗಿ ಶಂಖ ಆರಿಸಿದವರು ಉಳಿದರು. ತಲೆಯೆತ್ತಿ ಕಡಲನ್ನೇ ನೋಡುತ್ತ ಅದರ ಹಿಂದೆ ನಡೆದವರು ನಡೆಯುತ್ತಲೇ ಹೋದರು. ಅವರ ಬೆನ್ನುಗಳು ಮಧ್ಯಾಹ್ನದವರೆಗೆ ಕಾಣುತ್ತಿದ್ದವು. ಆಮೇಲೆ ಕಾಣಲಿಲ್ಲ.

ಅಂದಿನಿಂದ ಆ ಊರಿಗೆ ಒಂದು ಕಟ್ಟಳೆ. ಪ್ರತಿ ಮನೆಯಲ್ಲೂ ಒಂದು ಕಡಲಿರಬೇಕು. ನಡುಮನೆಯಲ್ಲಿ ಒಂದು ಗಾಜಿನ ತೊಟ್ಟಿ, ಅದರಲ್ಲಿ ಉಪ್ಪುನೀರು, ಒಂದು ಹಿಡಿ ಮರಳು, ಬತ್ತಿದ ತಳದ ಗುಂಡಿಗಳಲ್ಲಿ ಬದುಕಿ ಉಳಿದ ಹವಳದ ಒಂದು ಕೊಂಬೆ, ನಾಲ್ಕಾರು ಮೀನು. ಹೋದ ಕಡಲು ಎಂದಾದರೂ ತಿರುಗಿ ಬಂದರೆ ತನ್ನ ಮನೆಯೆಂದು ಗುರುತು ಹಿಡಿಯಲಿ ಎಂದು. ಆದರೆ ಯಾರ ಮನೆಯ ಕಡಲೂ ಮೊಣಕಾಲು ಮಟ್ಟ ಮೀರಬಾರದು. ಆಳೆತ್ತರದ ನೀರು ಬಾಗಿಲಿದ್ದ ಹಾಗೆ. ಹೋದವರು ಬಾಗಿಲು ಹುಡುಕುತ್ತಿರುತ್ತಾರೆ.

ಹೆಂಗಸರು ದಿನವೂ ಬೆಳಗ್ಗೆ ಮಿಂದು ಬಂದು, ಅಡುಗೆಮನೆಯಿಂದ ಒಂದು ಲೋಟ ನೀರು ತಂದು ತೊಟ್ಟಿಗೆ ಎರೆದು ಕೈಮುಗಿಯುತ್ತಿದ್ದರು. ಗಂಡಸರು ಅದನ್ನು ಪೂಜೆ ಎಂದುಕೊಂಡಿದ್ದರು. ಪೂಜೆಯೇ ಹೌದು.

ವರ್ಷಕ್ಕೊಮ್ಮೆ, ಕಡಲು ಹೋದ ದಿನ, ಊರೆಲ್ಲ ಹಳೆಯ ದಡದ ಕಲ್ಲುಮೆಟ್ಟಿಲ ಮೇಲೆ ನಿಂತು ಹೋದವರ ಹೆಸರು ಕೂಗುತ್ತಿತ್ತು. ಒಬ್ಬೊಬ್ಬರದೂ ಮೂರು ಸಲ. ಹಿಡಿದ ಕೈ ಬಿಟ್ಟು ಹೋದವರ ಹೆಸರನ್ನು ಮಾತ್ರ ಕೂಗುತ್ತಿರಲಿಲ್ಲ. ಅಂಥವರು ಆ ಊರಿನ ಲೆಕ್ಕದಲ್ಲಿ ಒಬ್ಬಳೇ ಒಬ್ಬಳು. ಅವಳು ಅಳತೆಗಾರನ ಅಕ್ಕ.

ಅಳತೆಗಾರನೆಂದರೆ ಕಟ್ಟಳೆ ಕಾಯುವವನು. ಅವನ ಕೈಯಲ್ಲಿ ತೇಗದ ಕೋಲು, ಕೋಲಿನಲ್ಲಿ ಮೊಣಕಾಲು ಮಟ್ಟಕ್ಕೆ ಹಿತ್ತಾಳೆಯ ಬಳೆ. ನಲವತ್ತು ವರ್ಷ ಅವನು ಮನೆಮನೆಗೆ ಹೋಗಿ ಕೋಲು ಅದ್ದಿ ನೋಡಿದ್ದ. ನೀರು ಬಳೆ ದಾಟಿದ್ದರೆ "ಇಳಿಸಿ" ಅನ್ನುತ್ತಿದ್ದ. ಅಷ್ಟೇ ಮಾತು. ಒಂದು ಗೇಣು, ಒಂದೇ ಗೇಣು ಎಂದು ಕಾಲು ಹಿಡಿದವರಿದ್ದರು. ಅವರ ಎದುರಿಗೇ ನಿಂತು ಇಳಿಸಿ ಬರುತ್ತಿದ್ದ.

ಕಡಲು ಹೋದ ದಿನ ಅವನಿಗೆ ಆರು ವರ್ಷ, ಅಕ್ಕನಿಗೆ ಹದಿನಾಲ್ಕು. ಅಕ್ಕ ಅವನ ಕೈ ಹಿಡಿದುಕೊಂಡೇ ಮರಳಿಗೆ ಇಳಿದಳು. ಅವನ ಒಂದು ಕೈಯಲ್ಲಿ ಆಗಲೇ ಒಂದು ಶಂಖವಿತ್ತು. ಅದಕ್ಕಿಂತ ದೊಡ್ಡದು, ಕೆಂಪು ಬಾಯಿಯದು, ಕಲ್ಲಿನ ಸಂದಿಯಲ್ಲಿ ಕಂಡಿತು. ಅವನು ಕೈ ಬಿಡಿಸಿಕೊಂಡು ಬಗ್ಗಿದ. ತಲೆಯೆತ್ತಿದಾಗ ಅಕ್ಕ ದೂರದಲ್ಲಿದ್ದಳು. ತಮ್ಮ ಮುಂದೆ ಓಡಿದನೆಂದುಕೊಂಡು ಅವನನ್ನು ಕೂಗುತ್ತ ಕಡಲಿನ ಕಡೆಗೇ ಓಡುತ್ತಿದ್ದಳು. ಅವನು ಶಂಖ ಎದೆಗವಚಿಕೊಂಡು ಮನೆಗೆ ಬಂದ. ಅಮ್ಮ ಕೇಳಿದಾಗ ಮೂರು ಮಾತು ಹೇಳಿದ. ಅಕ್ಕ ಕೈ ಬಿಟ್ಟಳು.

ಆರು ವರ್ಷದ ಮಗು ಹೆದರಿ ಆಡಿದ ಮೂರು ಮಾತು. ದೇವರು ಅದನ್ನು ಅಂದೇ ಕ್ಷಮಿಸಿರುತ್ತಾನೆ, ನನಗೆ ನಂಬಿಕೆಯಿದೆ. ಆದರೆ ಊರು ಅದನ್ನು ನಂಬಿತು. ಅವನು ಬೆಳೆದ, ಅಳತೆಗಾರನಾದ, ಮದುವೆಯಾದ, ತಲೆ ಬೆಳ್ಳಗಾಯಿತು. ವರ್ಷ ವರ್ಷವೂ ಮೆಟ್ಟಿಲ ಮೇಲೆ ನಿಂತು ಎಲ್ಲರ ಹೆಸರನ್ನೂ ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದ. ಒಂದು ಹೆಸರನ್ನು ಬಿಟ್ಟು.

ಅರವತ್ತು ತುಂಬಿದ ವರ್ಷ, ಒಂದು ಬೆಳಗ್ಗೆ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದವನು ಹಾಗೇ ನಿಂತುಬಿಟ್ಟ. ಅಕ್ಕ ಹಿಡಿದಿದ್ದದ್ದು ಯಾವ ಕೈ? ಬಲಗೈ ನೋಡಿದ. ಎಡಗೈ ನೋಡಿದ. ಎರಡೂ ಬರಿ ಮುದುಕನ ಕೈಗಳಾಗಿದ್ದವು. ಎರಡರಲ್ಲೂ ಅವಳಿರಲಿಲ್ಲ.

ಅದೇ ದಿನ ಅವನು ನಡುಮನೆಯ ನೆಲಕ್ಕೆ ಸುಣ್ಣದ ಗೆರೆ ಎಳೆದ. ಹೆಂಡತಿ ಸೌಟು ಹಿಡಿದುಕೊಂಡೇ ಬಂದು ನೋಡಿದಳು.

"ಇದೇನ್ರೀ ಇದು?"

"ನಮ್ಮನೆ ಕಡಲು ಚಿಕ್ಕದಾಯ್ತು."

"ಮದುವೆಯಾಗಿ ಬಂದಾಗಿಂದ ಅದು ಅಷ್ಟೇ ಇದೆ. ಈಗ ಎಷ್ಟಗಲ?"

"ಗೋಡೆಯಿಂದ ಗೋಡೆಗೆ."

"ಎತ್ತರ?"

ಅವನು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ಮೇಲೆ ಕೈ ಇಟ್ಟು, ಕೈಯನ್ನು ತಲೆಗಿಂತ ಮೇಲಕ್ಕೆ ಎತ್ತಿದ.

"ಊರಿಗೆಲ್ಲ ಮೊಣಕಾಲು, ನಿಮಗೆ ಮಾತ್ರ ತಲೆ. ಚೆನ್ನಾಗಿದೆ ನಿಮ್ಮ ಅಳತೆ."

"ಅಕ್ಕ ಬರ್ತಾಳೆ ಕಣೇ. ಅವಳಿಗೊಂದು ಮಾತು ಹೇಳೋದಿದೆ."

"ಏನು ಮಾತು?"

ಅವನು ಗೆರೆ ಎಳೆಯುವುದನ್ನು ಮುಂದುವರಿಸಿದ. "ನನಗೆ ಹೇಳಕ್ಕಾಗದ ಮಾತಿಗೋಸ್ಕರ ಮನೆ ಅಗೆಯೋಕೆ ಹೊರಟಿದೀರಿ. ಅಗೀರಿ. ಒಲೆ ಹತ್ರ ಮಾತ್ರ ಬರಬೇಡಿ," ಎಂದು ಒಳಗೆ ಹೋದಳು.

ಅವನು ಒಂದು ವರ್ಷ ಆ ಕಡಲನ್ನು ಹೂಡಿದ. ಒಂದು ಹನಿ ನೀರಿಲ್ಲದೆ, ಬರಿ ಅಳತೆಯಲ್ಲಿ. ಅಷ್ಟು ನೀರು ಕೂತರೆ ಏಳು ಆನೆ ಒತ್ತಾಗಿ ನಿಂತ ಭಾರ. ಅದಕ್ಕೆ ನೆಲ ಅಗೆದು ಕರಿಕಲ್ಲಿನ ಚಪ್ಪಡಿ ಹಾಸಿದ. ಹವಳಕ್ಕೆ ಬಿಸಿಲು ಬೇಕು. ಅದಕ್ಕೆ ಮಾಡಿನ ಹೆಂಚು ತೆಗೆದು ಉದ್ದಕ್ಕೆ ಬೆಳಕಿಂಡಿ ಬಿಟ್ಟ. ನಿಂತ ನೀರು ಕಡಲಾಗುವುದಿಲ್ಲ, ಅದು ಉಸಿರಾಡಬೇಕು; ಅದಕ್ಕೆ ಒಂದು ಹಲಗೆ ತೂಗುಹಾಕಿ, ಗಾಳಿಗೆ ಅದು ಹೋಗಿ ಬಂದು ಅಲೆ ಎಬ್ಬಿಸುವಂತೆ ಮಾಡಿದ. ಬತ್ತಿದ ತಳದಿಂದ ತೂತುತೂತಾದ ಹಳೆಯ ಹವಳದ ಕಲ್ಲುಗಳನ್ನು ಹೊತ್ತು ತಂದು, ಮೀನು ನುಸುಳುವಷ್ಟು ಸಂದಿ ಬಿಟ್ಟು, ದಿಬ್ಬದ ಮೇಲೆ ದಿಬ್ಬ ಕಟ್ಟಿದ. ನಡುವೆ ಒಂದು ಜಾಗವನ್ನು ಖಾಲಿ ಬಿಟ್ಟ. ಹದಿನಾಲ್ಕು ವರ್ಷದ ಹುಡುಗಿ ನಿಲ್ಲುವಷ್ಟು ಜಾಗ.

ಗಾಜಿಗೆ ಗಾಜಿನವಳ ಮನೆಗೆ ಹೋದ. ಊರಿನ ತೊಟ್ಟಿಗಳೆಲ್ಲ ಅವಳ ಕುಲುಮೆಯಲ್ಲಿ ಆದವು. ಅವಳಪ್ಪನದೂ ಅದೇ ಕೆಲಸ, ಅವನು ಗಾಜು ಹೊತ್ತ ಪೆಟ್ಟಿಗೆಯ ಸಮೇತ ಕಡಲಿನ ಹಿಂದೆ ಹೋದವನು. ಅಳತೆ ಕೇಳಿ ಅವಳು ಊದುಕೊಳವೆ ಕೆಳಗಿಟ್ಟಳು.

"ನಾಲ್ಕು ಬೆರಳು ದಪ್ಪ ಬೇಕಾಗತ್ತೆ ಅಣ್ಣ. ಆದ್ರೆ ಒಂದು ಕೇಳ್ತೀನಿ. ನಾಲ್ಕು ವರ್ಷದ ಕೆಳಗೆ ನಮ್ಮನೆ ತೊಟ್ಟಿ ಎತ್ತರ ಆಯ್ತು ಅಂತ ಒಡೆಸಿದ್ರಿ. ನೆನಪಿದೆಯಾ?"

"ಇದೆ."

"ನಮ್ಮಪ್ಪ ಕೂತ್ಕೊಂಡಾದ್ರೂ ಬರ್ಲಿ ಅಂತ ಮಾಡಿದ್ದೆ ಅದನ್ನ."

ಅಳತೆಗಾರ ನೆಲ ನೋಡಿದ. ಹಿತ್ತಾಳೆ ಬಳೆಯ ಮೇಲೆ ಅವನ ಹೆಬ್ಬೆರಳು ಸುಮ್ಮನೆ ಓಡಾಡುತ್ತಿತ್ತು.

"ಮಾಡ್ಕೊಡ್ತೀನಿ ಬಿಡಿ," ಅಂದಳು ಗಾಜಿನವಳು. "ನಿಮ್ಮಕ್ಕ ಬಂದ್ರೆ ಕೇಳಿ, ದಾರೀಲಿ ಅಪ್ಪ ಸಿಕ್ಕಿದ್ನಾ ಅಂತ. ಅಷ್ಟೇ ನನ್ನ ಕೂಲಿ."

ಉಪ್ಪನ್ನು ಉಪ್ಪಿನಜ್ಜ ತಂದ. ಊರಿಗೆಲ್ಲ ಹಿರಿಯ, ನೀರಿನ ಹದ ಬಲ್ಲವನು. ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಮೇಣದ ಗುಂಡು. ಅದನ್ನು ನೀರಿಗೆ ಬಿಟ್ಟರೆ, ಸಪ್ಪೆಯಾದಲ್ಲಿ ಮುಳುಗುತ್ತಿತ್ತು, ಉಪ್ಪು ಹೆಚ್ಚಾದಲ್ಲಿ ತೇಲುತ್ತಿತ್ತು, ಹದವಾದ ಕಡಲಿನಲ್ಲಿ ನಟ್ಟನಡುವೆ ನಿಂತುಬಿಡುತ್ತಿತ್ತು. ತೊಟ್ಟಿ ತುಂಬಿದ ದಿನ ಗುಂಡು ನಡುವೆ ನಿಂತಿತು. ಅಜ್ಜ ಒಂದು ಸತ್ತ ಸೀಗಡಿಯನ್ನು ನೀರಿಗೆ ಹಾಕಿದ.

"ಇನ್ನು ನಲವತ್ತೆಂಟು ದಿನ ಏನೂ ಬಿಡಬೇಡ. ಕಾಣದವರು ಮೊದಲು ಬಂದು ಮನೆ ಮಾಡ್ಕೋಬೇಕು. ಕಾಣೋರು ಆಮೇಲೆ."

"ಗೊತ್ತು ಅಜ್ಜ."

"ಇನ್ನೊಂದು ಮಾತು. ನೀರು ದಿನಾ ಇಳಿಯತ್ತೆ. ಇಳಿದಾಗ..."

"ನಲವತ್ತು ವರ್ಷ ಕಡಲು ಅಳೆದವನಿಗೆ ಕಡಲು ಕಲಿಸ್ತೀಯಾ?"

ಅಜ್ಜ ಗುಂಡನ್ನು ಒರೆಸಿ ಕೊರಳಿಗೆ ಹಾಕಿಕೊಂಡ. "ಸರಿಯಪ್ಪ," ಅಂದ. "ಸರಿ."

ನಲವತ್ತೆಂಟು ದಿನ ಅಳತೆಗಾರ ಖಾಲಿ ನೀರಿನ ಎದುರು ದೀಪ ಹಚ್ಚಿದ. ಸೀಗಡಿ ಕೊಳೆಯಿತು, ಮನೆ ನಾರಿತು. ಹೆಂಡತಿ ಮೂಗಿಗೆ ಸೆರಗು ಕಟ್ಟಿಕೊಂಡು ರೊಟ್ಟಿ ತಟ್ಟಿದಳು. ಆಮೇಲೆ ಒಂದು ದಿನ ನಾತ ಹೋಯಿತು. ಯಾರೋ ಬಂದು ಅದನ್ನು ತಿಂದಿದ್ದರು. ಅವರು ಎಲ್ಲಿಂದ ಬಂದರು, ಯಾರು ಹೇಳಿ ಕಳಿಸಿದರು, ಯಾರಿಗೂ ತಿಳಿಯದು. ಕಲ್ಲುಗಳ ಮೇಲೆ ಕಂದು ಬಂತು, ಕಂದು ಹೋಗಿ ಹಸಿರು ಬಂತು, ಹಸಿರು ಹೋಗಿ ನೇರಳೆ ಬಂತು. ಭಗವಂತನ ಅಡುಗೆಯವರು ಬರಿಗಣ್ಣಿಗೆ ಕಾಣುವುದಿಲ್ಲ. ಅವರು ಬಂದು ಹೋದ ಮನೆಯ ಮೈಬಣ್ಣ ಮಾತ್ರ ಕಾಣುತ್ತದೆ.

ಆಮೇಲೆ ಅವನು ಹವಳ ನೆಟ್ಟ. ಬೆರಳಿನಂಥದು, ಕಿವಿಯಂಥದು, ಮಡಿಸಿದ ಸೆರಗಿನಂಥದು. ಮೀನು ಬಿಟ್ಟ. ಬೆಳಕಿಂಡಿಯ ಬಿಸಿಲಿಗೆ ಹವಳಗಳು ತಮ್ಮ ಸಣ್ಣ ಸಣ್ಣ ಕೈಗಳನ್ನು ಬಿಚ್ಚಿದವು. ಹೆಂಡತಿ ಮಿಂದು, ವಾಡಿಕೆಯಂತೆ ಒಂದು ಲೋಟ ನೀರು ಹಿಡಿದು ಬಂದಳು. ಅವನು ಅಡ್ಡ ನಿಂತ.

"ಈ ಕಡಲನ್ನ ನೀನು ಮುಟ್ಟಬೇಡ. ಇದು ನನ್ನದು."

ಅವಳು ಲೋಟವನ್ನು ನೋಡಿದಳು, ಅವನನ್ನು ನೋಡಿದಳು. ನೀರನ್ನು ತಾನೇ ಕುಡಿದು ಹಿಂದಿರುಗಿದಳು.

ಮೊದಲ ದಿನ ಮರಳಿನ ಮೇಲೆ, ಅವನು ಖಾಲಿ ಬಿಟ್ಟಿದ್ದ ಜಾಗದಲ್ಲಿ, ಒಂದು ಹೆಜ್ಜೆಗುರುತು ಬಿತ್ತು. ಚಿಕ್ಕದು. ಎರಡನೆಯ ದಿನ ಎರಡು ಹೆಜ್ಜೆ. ಮೂರನೆಯ ದಿನ ಕಲ್ಲುಗಳ ನಡುವೆ ಕಪ್ಪು ಜಡೆಯೊಂದು ಅಲೆಯ ಜೊತೆ ಹೋಗಿ ಬರುತ್ತಿತ್ತು, ಜಡೆಯ ತುದಿಗೆ ಕೆಂಪು ಟೇಪು. ಏಳನೆಯ ದಿನ ಅವಳು ನಿಂತಿದ್ದಳು. ಮಾಸಿದ ಲಂಗ, ತೆಳ್ಳಗಿನ ಹೆಗಲು, ಅವನ ಕಡೆಗೆ ಬೆನ್ನು.

ಅವನು ತೊಟ್ಟಿಯ ಆಚೆ ಬದಿಗೆ ಹೋದ. ಅಲ್ಲಿಂದಲೂ ಬೆನ್ನು. ಈ ಪಕ್ಕಕ್ಕೆ ಬಂದ. ಬೆನ್ನು. ಆ ಪಕ್ಕ. ನಾಲ್ಕು ಕಡೆಯಿಂದಲೂ ಅಕ್ಕ ಬೆನ್ನೇ ಆಗಿದ್ದಳು.

"ಅಕ್ಕಾ, ನಾನು," ಅಂದ. ನಾಲ್ಕು ಬೆರಳು ದಪ್ಪದ ಗಾಜಿಗೆ ಹಣೆ ಹಚ್ಚಿ ನಿಂತ. ಗಾಜು ತಣ್ಣಗಿತ್ತು.

ನೀರು ದಿನಕ್ಕೆ ಒಂದು ಬೆರಳು ಇಳಿಯುತ್ತಿತ್ತು. ಕಡಲು ಮತ್ತೆ ಹೋಗುತ್ತಿದೆ, ಅವಳನ್ನು ಮತ್ತೆ ಕರೆದೊಯ್ಯುತ್ತಿದೆ ಎಂದು ಅವನ ಜೀವ ಹಾರುತ್ತಿತ್ತು. ಹೋದದ್ದು ಕಡಲು, ಆದ್ದರಿಂದ ತುಂಬಬೇಕಾದದ್ದೂ ಕಡಲು. ಅವನು ಉಪ್ಪು ಕಲಸಿ, ಕೊಡ ತುಂಬಿ, ಏಣಿ ಹತ್ತಿ ಸುರಿದ. ಮರುದಿನ ಇಳಿಯಿತು, ಮರುದಿನ ಸುರಿದ. ದಿನ ದಿನವೂ ಇಳಿಯಿತು, ದಿನ ದಿನವೂ ಉಪ್ಪುನೀರು ಸುರಿದ. ಪ್ರೀತಿಯಿಂದಲೇ ಸುರಿದ.

ಮೂರು ತಿಂಗಳಿಗೆ ತೊಟ್ಟಿಯ ಅಂಚಿಗೆ ಬಿಳಿ ಹಕ್ಕಳೆ ಕಟ್ಟಿತು. ಗೋಡೆಗೆ ಉಪ್ಪು ಬಂತು. ಹೆಂಡತಿ ಅನ್ನಕ್ಕೆ ಉಪ್ಪು ಹಾಕುವುದನ್ನೇ ಬಿಟ್ಟಳು, ಹಾಕದೆಯೇ ಕೈಗೆ ಹತ್ತುತ್ತಿತ್ತು. ಹವಳಗಳು ಕೈ ಮುಚ್ಚಿಕೊಂಡವು. ಮೀನುಗಳು ಕಲ್ಲಿನ ಸಂದಿ ಸೇರಿ ಉಬ್ಬಸಪಟ್ಟವು. ಅಕ್ಕನ ಜಡೆ ಅಲೆಗೆ ಅಲುಗುವುದನ್ನು ನಿಲ್ಲಿಸಿತು. ಅವಳ ಹೆಗಲು ಬೆಳ್ಳಗಾಯಿತು, ಲಂಗ ಬೆಳ್ಳಗಾಯಿತು, ಟೇಪು ಕೂಡ ಬೆಳ್ಳಗಾಯಿತು. ಅವಳು ನಿಂತೇ ಇದ್ದಳು.

ಆಗ ಊರಿನ ಮೀನುಗಳೆಲ್ಲ ತಿರುಗಿದವು. ಪ್ರತಿ ಮನೆಯಲ್ಲೂ, ಪ್ರತಿ ತೊಟ್ಟಿಯಲ್ಲೂ, ಅವು ಅಳತೆಗಾರನ ಮನೆಯ ದಿಕ್ಕಿಗೆ ಮುಖ ಮಾಡಿ, ಗಾಜಿಗೆ ಬಾಯಿ ಹಚ್ಚಿ, ಅಲುಗದೆ ನಿಂತವು. ತೊಟ್ಟಿಗಳ ನೀರು ಇಳಿಯಿತು, ಲೋಟ ಎರೆದರೂ ಏರಲಿಲ್ಲ. ನಾಲ್ಕನೆಯ ದಿನ ಊರು ಅವನ ಜಗಲಿಗೆ ಬಂತು.

"ನಮ್ಮನೆ ಮೀನು ಮೂರು ದಿನದಿಂದ ನಿಮ್ಮನೆ ಕಡೆ ನೋಡ್ತಾ ನಿಂತಿವೆ. ತಿಂತಾ ಇಲ್ಲ," ಅಂದಳು ಒಬ್ಬಳು.

"ನಮ್ಮನೇಲೂ ಹಾಗೇ," ಅಂದಳು ಅವಳ ಪಕ್ಕದವಳು. "ನಮ್ಮತ್ತೆ ಯಾವಾಗ್ಲೂ ಹಾಗೇ ಕೂತಿರ್ತಾರಲ್ಲ, ಅದಕ್ಕೆ ನನಗೆ ತಡವಾಗಿ ಗೊತ್ತಾಯ್ತು."

ಯಾರೂ ಜೋರಾಗಿ ನಗಲಿಲ್ಲ. "ಏನಿಟ್ಟಿದೀರಿ ಒಳಗೆ?" ಎಂದು ಇನ್ನೊಬ್ಬ ಕೇಳಿದ. ಅಳತೆಗಾರ ಬಾಗಿಲಿಗೆ ಅಡ್ಡ ನಿಂತಿದ್ದ. ಹಿಂದಿನಿಂದ ಹೆಂಡತಿ ಬಂದು ಅವನ ತೋಳನ್ನು ಮೆಲ್ಲಗೆ ಸರಿಸಿದಳು. "ಬನ್ನಿ. ನೋಡಿ," ಅಂದಳು. "ಇನ್ನೆಷ್ಟು ದಿನ ನಾನೊಬ್ಬಳೇ ನೋಡ್ಲಿ?"

ಅವರು ಒಳಗೆ ಬಂದರು. ತಲೆ ಮೀರಿದ ಕಡಲನ್ನು ನೋಡಿದರು. ಅದರೊಳಗಿನ ಬಿಳಿ ಬೆನ್ನನ್ನು ನೋಡಿದರು. ಉಪ್ಪಿನಜ್ಜ ಏಣಿ ಹತ್ತಿ, ಕೊರಳಿನ ದಾರ ಬಿಚ್ಚಿ, ಮೇಣದ ಗುಂಡನ್ನು ನೀರಿಗೆ ಬಿಟ್ಟ. ಗುಂಡು ಮುಳುಗಲೇ ಇಲ್ಲ. ನೀರು ತನ್ನನ್ನು ಬೇಡವೆಂದಂತೆ ಮೇಲೆಯೇ ಹೊರಳಾಡಿತು.

"ಇಳಿದಾಗ ಏನು ಹುಯ್ತಾ ಇದ್ದೆ?"

"ಕಡಲು," ಅಂದ ಅಳತೆಗಾರ. "ಹೋದದ್ದು ಕಡಲಲ್ವಾ?"

ಅಜ್ಜ ಏಣಿಯ ಮೇಲೆಯೇ ಕೂತ. "ಉಪ್ಪು ಎಲ್ಲಿಗೂ ಹೋಗಲ್ಲ ಮಗ. ಬಿಸಿಲು ತಗೊಂಡು ಹೋಗೋದು ಸಿಹಿನೀರನ್ನ ಮಾತ್ರ. ಉಪ್ಪು ಇದ್ದಲ್ಲೇ ಇರತ್ತೆ. ನೀನು ಇದ್ದ ಉಪ್ಪಿಗೆ ಉಪ್ಪು ಹಾಕಿದೀಯ. ಕಡಲಿಗೆ ದಿನಾ ಬೇಕಾಗಿರೋದು ಒಂದು ಲೋಟ ಬಾವಿ ನೀರು. ಅಷ್ಟೇ. ಊರಿನ ಹೆಂಗಸರೆಲ್ಲ ದಿನಾ ಬೆಳಗ್ಗೆ ಎರೆಯೋದು ಏನು ಅಂದ್ಕೊಂಡಿದ್ದೆ?"

ಅಳತೆಗಾರ ಹೆಂಡತಿಯ ಕಡೆ ತಿರುಗಿದ.

"ಬಾವಿ ನೀರು ಹಾಕಿದ್ರೆ ಅವಳು ಕರಗ್ತಾಳೆ," ಅಂದ ಅವನು.

"ಕರಗಬಹುದು."

"ಹಾಕದಿದ್ರೆ?"

"ಹೀಗೇ ನಿಂತಿರ್ತಾಳೆ. ಕಲ್ಲುಪ್ಪಾಗಿ. ನಿನ್ನ ಹವಳ ಸಾಯತ್ತೆ, ಊರಿನ ಮೀನು ಸಾಯತ್ತೆ, ಇವಳು ಇರ್ತಾಳೆ. ತಿರುಗಿ ಮಾತ್ರ ನೋಡಲ್ಲ."

ಅಳತೆಗಾರ ಗಾಜಿಗೆ ಎರಡೂ ಕೈ ಹಚ್ಚಿದ. "ಇರ್ಲಿ," ಅಂದ. "ಬೆನ್ನಾದ್ರೂ ಇರ್ಲಿ."

ಆಗ ಹೆಂಡತಿ ಬಾಯಿಬಿಟ್ಟಳು. ದನಿಯೇರಿಸಲಿಲ್ಲ. ಪಲ್ಯಕ್ಕೆ ಉಪ್ಪು ಸರಿಯಿದೆಯಾ ಎಂದು ಕೇಳುವ ಹಾಗೆ ಕೇಳಿದಳು. "ಅವಳನ್ನ ಇಟ್ಕೊಳ್ಳೋಕೆ ಕರೆದ್ರಾ, ಮಾತಾಡೋಕೆ ಕರೆದ್ರಾ?"

ಮೇಲಿನ ಹಲಗೆ ಹೋಗಿ ಬಂತು, ಹೋಗಿ ಬಂತು. ಕೊನೆಗೆ ಅವನು ಬಗ್ಗಿ ಖಾಲಿ ಕೊಡವನ್ನು ಎತ್ತಿಕೊಂಡ.

"ಒಂದೇ ಸಲ ಬೇಡ," ಅಂದ ಅಜ್ಜ. "ಬದುಕಿರೋದೂ ಸಾಯತ್ತೆ. ದಿನಕ್ಕೆ ಏಳು ಕೊಡ ಉಪ್ಪುನೀರು ತೆಗಿ, ಏಳು ಕೊಡ ಬಾವಿ ನೀರು ಹಾಕು."

ತೆಗೆದ ನೀರನ್ನು ಊರಿನವರು ಮನೆಗೆ ಒಯ್ದು, ತಮ್ಮ ತಮ್ಮ ಬಾವಿ ನೀರು ಬೆರೆಸಿ, ತಮ್ಮ ತಮ್ಮ ಕಡಲುಗಳಿಗೆ ಎರೆದರು. ದಿನಕ್ಕೆ ಏಳು ಮನೆ. ಮೀನುಗಳು ಒಂದೊಂದು ಮನೆಯಾಗಿ ಮುಖ ತಿರುಗಿಸಿಕೊಂಡು ತಿನ್ನತೊಡಗಿದವು. ಹೆಂಡತಿ ಬಾವಿಯಿಂದ ಸೇದಿದಳು, ಅವನು ಏಣಿ ಹತ್ತಿ ಎರೆದ. ಏಳು ಕೊಡ ತೆಗೆ, ಏಳು ಕೊಡ ಎರೆ. ಏಳು ತೆಗೆ, ಏಳು ಎರೆ. ಐದನೆಯ ದಿನ ಟೇಪು ಕೆಂಪಾಯಿತು. ಒಂಬತ್ತನೆಯ ದಿನ ಜಡೆ ಅಲುಗಿತು. ಹದಿನೈದನೆಯ ದಿನ ಬೆರಳಿನಂಥ ಹವಳ ಒಂದೇ ಒಂದು ಕೈ ಬಿಚ್ಚಿತು. ಹವಳ ಬಿಚ್ಚಿದಷ್ಟೂ ಅಕ್ಕನ ಅಂಚು ಮಸುಕಾಯಿತು. ಅವಳ ಹೆಗಲಿನ ಮೂಲಕ ಹಿಂದಿನ ಕಲ್ಲು ಕಾಣುತ್ತಿತ್ತು. ಅವನಿಗೆ ಗೊತ್ತಿತ್ತು, ಆದರೂ ಎರೆದ.

ಇಪ್ಪತ್ತೊಂದನೆಯ ದಿನ, ನಡುಮಧ್ಯಾಹ್ನ, ಬೆಳಕಿಂಡಿಯ ಬಿಸಿಲು ನೇರ ನೀರಿಗೆ ಬಿದ್ದಿದ್ದಾಗ, ಅವನು ಏಳನೆಯ ಕೊಡ ಎರೆದ. ಕೆಳಗೆ ಹೆಂಡತಿ, ಉಪ್ಪಿನಜ್ಜ, ಗಾಜಿನವಳು, ಕೊಡ ಹಿಡಿದು ಬಂದಿದ್ದ ಊರು. ಅಜ್ಜ ಬಿಟ್ಟ ಗುಂಡು ನೀರಿನ ನಟ್ಟನಡುವೆ ನಿಂತಿತು.

ಅಕ್ಕ ತಿರುಗಿದಳು.

ತಿರುಗಿ, ಮೇಲೆ ನೋಡಿ, ಮೆಲ್ಲಗೆ ಎದ್ದು ಬಂದಳು. ನೀರಿನ ಮೇಲೆ ಅವಳ ಹಣೆ ಬಂತು, ಕಣ್ಣು ಬಂತು, ಬಾಯಿ ಬಂತು. ಹದಿನಾಲ್ಕು ವರ್ಷದ ಮುಖ. ಅವಳು ಏಣಿಯ ಮೇಲಿನ ಮುದುಕನನ್ನು ನೋಡಿದಳು. ಗುರುತು ಹಿಡಿಯಲಿಲ್ಲ.

"ತಾತಾ," ಅಂದಳು. "ನನ್ನ ತಮ್ಮನ್ನ ನೋಡಿದ್ರಾ? ಇಷ್ಟೇ ಎತ್ತರ. ಬೆಳಗ್ಗೆಯಿಂದ ಹುಡುಕ್ತಿದೀನಿ."

ಐವತ್ತೈದು ವರ್ಷ ಕಳೆದರೂ ಅವಳಿಗೆ ಇನ್ನೂ ಅದೇ ಬೆಳಗ್ಗೆಯಾಗಿತ್ತು. ನಾನೇ ಎಂದರೆ ಈ ಮಗು ನಂಬುವುದೆಂತು, ನಂಬಿದರೆ ತಾಳುವುದೆಂತು. ಅವನು ಏಣಿಯ ಮೆಟ್ಟಿಲನ್ನು ಗಟ್ಟಿಯಾಗಿ ಹಿಡಿದುಕೊಂಡ.

"ನೋಡಿದೆ ತಾಯಿ. ಮನೆ ಸೇರಿದ."

"ನಿಜವಾಗ್ಲೂ?"

"ನಾನೇ ನೋಡಿದೆ."

ಅವಳ ಮುಖ ಸ್ವಲ್ಪ ಸಡಿಲವಾಯಿತು, ಮತ್ತೆ ಬಿಗಿಯಾಯಿತು. "ಅಮ್ಮ ಬೈತಾಳೆ ನನಗೆ. ಕೈ ಬಿಟ್ಟೆ ಅಂತ. ಬಿಡಬಾರದಿತ್ತು ತಾತಾ. ನಾನು ಕಡಲು ನೋಡ್ತಾ ಬಿಟ್ಟುಬಿಟ್ಟೆ ಅನ್ಸತ್ತೆ."

ಅಳತೆಗಾರ ಹೇಳಿದ. ಊರೆಲ್ಲ ಕೇಳುವಷ್ಟು ಗಟ್ಟಿಯಾಗಿ, ಹೆಸರು ಕೂಗುವ ದಿನದ ದನಿಯಲ್ಲಿ ಹೇಳಿದ.

"ನೀನು ಬಿಡಲಿಲ್ಲ. ಅವನೇ ಬಿಡಿಸ್ಕೊಂಡ. ಕೆಂಪು ಬಾಯಿ ಶಂಖ ಕಂಡಿತ್ತು ಅವನಿಗೆ. ಮನೆಗೆ ಬಂದು ಸುಳ್ಳು ಹೇಳಿದ. ಆಮೇಲೆ ತುಂಬ ಅತ್ತ. ಅಕ್ಕ ಕೈ ಬಿಡಲಿಲ್ಲ, ನಾನೇ ಬಿಟ್ಟೆ ಅಂತ ನಿನಗೆ ಹೇಳು ಅಂದ."

ಅಕ್ಕ ನಕ್ಕಳು. "ಶಂಖ ಕಂಡ್ರೆ ಮುಗೀತು ಅವನ ಕಥೆ. ಕತ್ತೆ," ಅಂದಳು. ಆಮೇಲೆ, "ಊಟ ಮಾಡಿದ್ನಾ?" ಎಂದು ಕೇಳಿದಳು.

"ಮಾಡಿದ."

"ಹಾಗಾದ್ರೆ ಸರಿ."

ಅವನು ಗಾಜಿನವಳ ಕೂಲಿಯನ್ನು ಮರೆಯಲಿಲ್ಲ. "ದಾರೀಲಿ ಗಾಜಿನ ಪೆಟ್ಟಿಗೆ ಹೊತ್ತವನು ಸಿಕ್ಕಿದ್ನಾ ತಾಯಿ?"

"ಹೂಂ. ಮುಂದೆ ಹೋಗ್ತಿದಾರೆ. ಒಂದು ಗಾಜೂ ಒಡೆದಿಲ್ಲ ಅಂತ ಎಲ್ಲರಿಗೂ ಹೇಳ್ಕೊಂಡು ಹೋಗ್ತಿದಾರೆ." ಅವಳು ಹಿಂದೆ ತಿರುಗಿ ನೋಡಿದಳು, ಯಾರೋ ಕರೆದ ಹಾಗೆ. "ನಾನು ಹೊರಡ್ತೀನಿ ತಾತಾ. ಇಳಿಯೋಕೆ ಭಯ ಆಗ್ತಿದೆಯಾ? ಕೈ ಕೊಡಿ."

ಅವಳು ಬಲಗೈ ಚಾಚಿದಳು. ಅವಳ ಬಲಗೈಗೆ ಸಿಕ್ಕಿದ್ದು ಅವನ ಎಡಗೈ. ಸಣ್ಣ, ಒದ್ದೆ, ಬಿಗಿಯಾದ ಹಿಡಿತ. ಹಿಡಿತ ಹಾಗೇ ಇತ್ತು. ಕೈ ಮಾತ್ರ ನೀರಾಯಿತು. ನೀರು ನೀರಿಗೆ ಸೇರಿತು, ಅಲೆಯ ಹಲಗೆ ಒಮ್ಮೆ ಹೋಗಿ ಬಂತು, ಮರಳಿನ ಮೇಲೆ ಹೆಜ್ಜೆಯೂ ಇರಲಿಲ್ಲ. ಇಡೀ ದಿಬ್ಬದ ಹವಳಗಳು, ಬೆರಳಿನಂಥವು, ಕಿವಿಯಂಥವು, ಮಡಿಸಿದ ಸೆರಗಿನಂಥವು, ಬಿಸಿಲಿಗೆ ತಮ್ಮ ಎಲ್ಲ ಕೈಗಳನ್ನೂ ಬಿಚ್ಚಿದವು.

ಅವನು ಇಳಿದಾಗ ಯಾರೂ ಅವನನ್ನು ಬೈಯಲಿಲ್ಲ. ಗಾಜಿನವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಒಂದೂ ಒಡೆದಿಲ್ಲವಂತೆ," ಎಂದು ಪಕ್ಕದವರಿಗೆ ಹೇಳುತ್ತಿದ್ದಳು. ಹೆಂಡತಿ ಅವನ ಕೈಯಿಂದ ಕೊಡ ತೆಗೆದುಕೊಂಡಳು. "ಈ ಮಾತಾ?" ಅಂದಳು. "ಇಷ್ಟೇನಾ? ನಲವತ್ತು ವರ್ಷ ಪಕ್ಕದಲ್ಲೇ ಇದ್ನಲ್ಲ ನಾನು."

ಆ ವಾರವೇ ಅವನು ತೇಗದ ಕೋಲನ್ನು ತನ್ನ ಕಡಲಿಗೆ ತಾನೇ ಅದ್ದಿ, "ಇಳಿಸಿ" ಅಂದ. ಗಾಜಿನವಳು ಬಂದು ಗಾಜನ್ನು ಮೊಣಕಾಲು ಮಟ್ಟಕ್ಕೆ ಕತ್ತರಿಸಿದಳು. ಹೆಚ್ಚಾಗಿ ಉಳಿದ ಹವಳ ಮನೆಮನೆಗೂ ಒಂದೊಂದು ಕೊಂಬೆಯಾಗಿ ಹೋಯಿತು. ಆ ವರ್ಷ ದಡದ ಮೆಟ್ಟಿಲ ಮೇಲೆ, ಎಲ್ಲ ಹೆಸರೂ ಮುಗಿದ ಮೇಲೆ, ಊರು ಇನ್ನೊಂದು ಹೆಸರು ಕೂಗಿತು. ಮೂರು ಸಲ. ಅಳತೆಗಾರನ ದನಿ ಏಳಲಿಲ್ಲ, ಊರೇ ಅವನ ಪಾಲಿನದನ್ನೂ ಕೂಗಿತು.

ಈಗ ಆ ಮನೆಯಲ್ಲಿ ಬೆಳಗ್ಗೆ ಲೋಟ ಎರೆಯುವವನು ಅವನೇ. ಮಿಂದು, ಬಾವಿ ನೀರು ತುಂಬಿ, ಎಡಗೈಯಲ್ಲಿ ಎರೆಯುತ್ತಾನೆ. ನೋಡಿದವರು ಒಮ್ಮೆ ಆಡಿಕೊಂಡರು, ದೇವರ ಕೆಲಸಕ್ಕೆ ಎಡಗೈಯಾ ಎಂದು. ಅವನ ಹೆಂಡತಿ ಒಳಗಿನಿಂದಲೇ ಹೇಳಿದಳು, "ಇರ್ಲಿ ಬಿಡಿ. ಆ ಕೈಯನ್ನ ಯಾರೋ ಹಿಡ್ಕೊಂಡಿದಾರೆ."

ಕೇಳಿದವರೇ, ನಿಮ್ಮ ಮನೆಯ ಕಡಲು ಮೊಣಕಾಲು ಮೀರದಿರಲಿ, ಬತ್ತದೆಯೂ ಇರಲಿ. ನಿಮ್ಮಿಂದ ದೂರ ನಡೆದವರಿಗೆ ದಾರಿ ಮೆತ್ತಗಿರಲಿ, ಮುಂದೆ ಯಾರಾದರೂ ಹಾಡುತ್ತ ಹೋಗುತ್ತಿರಲಿ. ಅವರು ಯಾರನ್ನಾದರೂ ಹುಡುಕುತ್ತಿದ್ದರೆ, ಮನೆ ಸೇರಿದ, ಊಟ ಮಾಡಿದ ಎಂದು ಹೇಳುವವರು ಅವರಿಗೆ ಸಿಗಲಿ. ಅಲೆ ಕಳಿಸುವವನು, ಅಲೆ ಕರೆಯುವವನು, ದಿನಕ್ಕೊಂದು ಲೋಟ ಸಿಹಿನೀರಿಗೆ ನಿಮ್ಮ ಕೈಗೆ ಬಿಡುವು ಮಾಡಿಕೊಡಲಿ. ಎಲ್ಲರಿಗೂ ಒಳ್ಳೆಯದಾಗಲಿ.